ದೀಕ್ಷಾಸ್ನಾನದ ಅಂತರಾರ್ಥ

ಮೈಗೆ ಹತ್ತಿದ ಮಣ್ಣನ್ನು ನೀರು ತೊಳೆಯುತ್ತದೆ. ಮನಸ್ಸಿಗೆ ಹತ್ತಿದ ಮಲಿನವನ್ನು ಯಾವುದು ತೊಳೆಯಬೇಕು? ಈ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ಹೊಳೆಯ ದಂಡೆಯಲ್ಲಿ, ಕೆರೆಯ ಸೋಪಾನದಲ್ಲಿ, ಕಡಲ ತೀರದಲ್ಲಿ ನಿಂತು ಬೊಗಸೆಯಲ್ಲಿ ನೀರೆತ್ತಿಕೊಂಡ ಸಕಲ ದೇಶಗಳ ಜನರೂ ಇದನ್ನು ತಮ್ಮೊಳಗೆ ಕೇಳಿಕೊಂಡಿದ್ದಾರೆ. ನೀರು ಚರ್ಮವನ್ನು ದಾಟಿ ಒಳಗಿಳಿಯಲಾರದು ಎಂಬುದನ್ನು ಬಲ್ಲವರೂ ನೀರಿನ ಹಂಬಲವನ್ನು ಬಿಡಲಿಲ್ಲ. ಬರಿಯ ಮುಳುಗಿನಿಂದ ಪುಣ್ಯ ಬರುವುದಾದರೆ ಮೀನಿಗೂ ಕಪ್ಪೆಗೂ ಎಂದೋ ಮೋಕ್ಷವಾಗಬೇಕಿತ್ತು ಎಂದು ನಗುವ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಆ ವಿವೇಕ ಬೇಕಾದುದೇ. ಆದರೆ ಅನ್ಯಧರ್ಮದ ಒಂದು ಆಚರಣೆಯನ್ನು ಕಂಡು ನಗುವ ಮೊದಲು, ಆ ಧರ್ಮದವರು ಅದರಲ್ಲಿ ಏನನ್ನು ಕಂಡಿದ್ದಾರೆ ಎಂಬುದನ್ನು ತಿಳಿಯುವುದು ಧರ್ಮಜಿಜ್ಞಾಸುವಿನ ಮೊದಲ ಕರ್ತವ್ಯ.

ಕ್ರೈಸ್ತಧರ್ಮದ ಹೆಬ್ಬಾಗಿಲು ನೀರಿನಲ್ಲಿದೆ. ಆ ಧರ್ಮದಲ್ಲಿ ಎಷ್ಟೋ ಶಾಖೆಗಳು, ಎಷ್ಟೋ ಮತಭೇದಗಳು. ಆದರೂ ಕೆಲವು ಪಂಗಡಗಳ ಹೊರತು ಉಳಿದೆಲ್ಲ ಕ್ರೈಸ್ತರೂ ಒಂದು ವಿಷಯವನ್ನು ಒಪ್ಪುತ್ತಾರೆ: ತಂದೆ, ಮಗ, ಪವಿತ್ರಾತ್ಮ ಎಂಬ ತ್ರೈಏಕ ದೇವರ ನಾಮದಲ್ಲಿ ನೀರಿನಿಂದ ಸ್ನಾನ ಪಡೆದವನು ಕ್ರಿಸ್ತನ ಸಮುದಾಯದವನಾಗುತ್ತಾನೆ. ಎರಡನೆಯ ವಿಷಯವನ್ನೂ ಒಪ್ಪುತ್ತಾರೆ. ಈ ಸ್ನಾನ ಜೀವಮಾನದಲ್ಲಿ ಒಂದೇ ಸಲ. ನಿತ್ಯದ ಪ್ರಾರ್ಥನೆಯಂತೆ, ವಾರದ ಆರಾಧನೆಯಂತೆ ಇದು ಮರುಕಳಿಸುವುದಿಲ್ಲ. 1982ರಲ್ಲಿ ಪೆರು ದೇಶದ ಲೀಮಾ ನಗರದಲ್ಲಿ ನಾನಾ ಸಭೆಗಳ ಪಂಡಿತರು ಕೂಡಿ ಸಿದ್ಧಪಡಿಸಿದ ಒಮ್ಮತದ ಪತ್ರವೂ ಈ ಸ್ನಾನವನ್ನು ಪುನಃ ನಡೆಸಲಾಗದೆಂದೇ ಹೇಳಿತು.

ವಿಚಾರವಂತರಾದ ವಾಚಕರಿಗೆ ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಮನುಷ್ಯ ದಿನವೂ ತಪ್ಪುತ್ತಾನೆ, ದಿನವೂ ಮಲಿನನಾಗುತ್ತಾನೆ. ದಿನವೂ ಹತ್ತುವ ಕೊಳೆಗೆ ಒಂದೇ ದಿನದ ಸ್ನಾನ ಹೇಗೆ ಸಾಲೀತು? ಗಳಿಗೆಯೊಂದರಲ್ಲಿ ಮುಗಿದುಹೋಗುವ ಕ್ರಿಯೆಯೊಂದು ಇಡೀ ಬಾಳನ್ನು ಹೇಗೆ ಹಿಡಿದು ನಿಲ್ಲಿಸೀತು? ಈ ಸಂದೇಹವನ್ನೇ ಕೈದೀವಿಗೆಯಾಗಿ ಹಿಡಿದು ನಾವು ಮುಂದೆ ನಡೆಯೋಣ.

ಮೊದಲು ಶಬ್ದವನ್ನು ನೋಡೋಣ. ಕನ್ನಡ ಸತ್ಯವೇದದ ಅನುವಾದಗಳಲ್ಲಿ ಕೆಲವು ಇದನ್ನು 'ಬಾಪ್ತಿಸ್ಮ' ಎಂದು ಮೂಲದ ಧ್ವನಿಯಲ್ಲಿಯೇ ಉಳಿಸಿಕೊಂಡಿವೆ. ಕೆಲವು 'ದೀಕ್ಷಾಸ್ನಾನ' ಎಂದು ಕರೆದಿವೆ. ದೀಕ್ಷೆ ಎಂಬ ಶಬ್ದ ಈ ಪತ್ರಿಕೆಯ ವಾಚಕರಿಗೆ ಅತ್ಯಂತ ಪರಿಚಿತವಾದುದು. ಆ ಪರಿಚಯವೇ ಇಲ್ಲಿ ಕೊಂಚ ತೊಡಕಾಗಬಹುದು. ಗುರುವಿನ ಕೈಯಿಂದ ಇಷ್ಟಲಿಂಗವನ್ನು ಪಡೆಯುವ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇದನ್ನು ಅಳೆಯತೊಡಗಿದರೆ ಎರಡಕ್ಕೂ ಅನ್ಯಾಯವಾದೀತು. ಗ್ರೀಕ್ ಮೂಲದ ಶಬ್ದಕ್ಕೆ ಅದ್ದು, ಮುಳುಗಿಸು ಎಂದು ಅರ್ಥ. ಹಡಗು ಕಡಲಿನಲ್ಲಿ ಮುಳುಗಿಹೋದುದನ್ನು ಹೇಳುವಾಗಲೂ ಗ್ರೀಕ್ ಲೇಖಕರು ಇದೇ ಶಬ್ದವನ್ನು ಬಳಸಿದ್ದಾರೆ. ತೊಳೆಯುವ ಅರ್ಥಕ್ಕಿಂತ ಮುಳುಗುವ ಅರ್ಥವೇ ಅದರಲ್ಲಿ ಮುಂದಾಗಿದೆ ಎಂಬುದನ್ನು ನೆನಪಿನಲ್ಲಿಡಿರಿ. ಇದರ ಮಹತ್ವ ಮುಂದೆ ತಿಳಿಯುವುದು.

ಯೇಸುವಿನ ಕಾಲದ ಯೆಹೂದ್ಯರಲ್ಲಿ ಶುದ್ಧಿಸ್ನಾನಗಳು ಬಹಳವಾಗಿದ್ದವು. ಮೃತ್ಯುಸಮುದ್ರದ ದಂಡೆಯ ಕುಮ್ರಾನಿನ ಅವಶೇಷಗಳಲ್ಲಿ ಮೆಟ್ಟಿಲುಗಳುಳ್ಳ ಅನೇಕ ಕೊಳಗಳು ದೊರೆತಿವೆ. ಮೈಲಿಗೆಯಾದಾಗಲೆಲ್ಲ ಆ ನೀರಿಗಿಳಿದು ಮೇಲೆ ಬರಬೇಕು. ಮತ್ತೆ ಮೈಲಿಗೆಯಾದರೆ ಮತ್ತೆ ಇಳಿಯಬೇಕು. ಇಂಥ ನಾಡಿನಲ್ಲಿ ಸ್ನಾನಿಕನಾದ ಯೋಹಾನನು ಯೊರ್ದನ್ ಹೊಳೆಯ ಬಳಿ ನಿಂತು ಒಂದು ಹೊಸ ಕರೆಯನ್ನು ಕೊಟ್ಟನು. ಪಶ್ಚಾತ್ತಾಪಪಟ್ಟು ಬಾಳನ್ನು ತಿರುಗಿಸಿಕೊಳ್ಳಿರಿ, ಅದರ ಗುರುತಾಗಿ ಈ ನೀರಿಗಿಳಿಯಿರಿ ಎಂದನು. ಅಬ್ರಹಾಮನ ವಂಶದವರು ಎಂಬ ಹೆಮ್ಮೆ ನಿಮ್ಮನ್ನು ಉಳಿಸಲಾರದು, ದೇವರು ಬಯಸಿದರೆ ಕಲ್ಲುಗಳಿಂದಲೂ ಅಬ್ರಹಾಮನಿಗೆ ಮಕ್ಕಳನ್ನು ಹುಟ್ಟಿಸಬಲ್ಲನು ಎಂದು ಎಚ್ಚರಿಸಿದನು. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ, ಸುಂಕದವರು ಗೊತ್ತುಮಾಡಿದುದಕ್ಕಿಂತ ಹೆಚ್ಚು ಕೀಳದಿರಲಿ, ಸಿಪಾಯಿಗಳು ಬಡವರನ್ನು ಹೆದರಿಸಿ ಸುಲಿಯದಿರಲಿ: ಇವು ಆತನು ಹೇಳಿದ ಫಲಗಳು. ನೀರಿನ ದಂಡೆಯ ಮೇಲೆ ನಡೆದ ಮಾತೆಲ್ಲ ಮನೆಯ, ಪೇಟೆಯ, ಚಾವಡಿಯ ನಡತೆಯನ್ನು ಕುರಿತದ್ದೇ ಆಗಿತ್ತು.

ಆ ಪಾಪಿಗಳ ಸಾಲಿನಲ್ಲಿ ಒಂದು ದಿನ ಯೇಸುವೂ ಬಂದು ನಿಂತನು. ಪಾಪವಿಲ್ಲದವನೆಂದು ಕ್ರೈಸ್ತರು ನಂಬುವ ಆತನು ಪಶ್ಚಾತ್ತಾಪದ ಸ್ನಾನಕ್ಕೆ ಏಕೆ ಬಂದನು? ಯೋಹಾನನೇ ಹಿಂಜರಿದನೆಂದು ಸುವಾರ್ತೆ ಹೇಳುತ್ತದೆ. ಸಂತರೂ ಪಂಡಿತರೂ ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಸಾರ ಇಷ್ಟು: ಆತನು ತೊಳೆಯಿಸಿಕೊಳ್ಳಲು ಬರಲಿಲ್ಲ, ತೊಳೆಯಬೇಕಾದವರ ಸಂಗಡ ನಿಲ್ಲಲು ಬಂದನು. ದಂಡೆಯ ಮೇಲೆ ನಿಂತು ಉಪದೇಶಿಸುವುದಕ್ಕಿಂತ ಕೆಸರುನೀರಿಗೆ ಇಳಿಯುವುದನ್ನು ಆರಿಸಿಕೊಂಡನು. ಮುಂದೆ ಆತನು ತನಗೆ ಒದಗಲಿರುವ ಮರಣವನ್ನೇ ತಾನು ಪಡೆಯಬೇಕಾದ ಸ್ನಾನವೆಂದು ಕರೆದನು. ಯೊರ್ದನಿನಲ್ಲಿ ತೊಡಗಿದ ಆ ಇಳಿತ ಶಿಲುಬೆಯಲ್ಲಿ ಮುಗಿಯಿತು.

ಇಲ್ಲಿಯೇ ದೀಕ್ಷಾಸ್ನಾನದ ಅಂತರಾರ್ಥ ಬಯಲಾಗುತ್ತದೆ. ರೋಮಿನ ಸಭೆಗೆ ಬರೆದ ಪತ್ರದಲ್ಲಿ ಪೌಲನು ಇದನ್ನು ಬಿಡಿಸಿ ಹೇಳಿದ್ದಾನೆ. ಆತನ ಅಭಿಪ್ರಾಯದಲ್ಲಿ ಕ್ರಿಸ್ತನ ಹೆಸರಿನಲ್ಲಿ ನೀರಿಗಿಳಿದವನು ಕ್ರಿಸ್ತನ ಮರಣದೊಳಕ್ಕೆ ಇಳಿದಿದ್ದಾನೆ, ಆತನೊಂದಿಗೆ ಹೂಳಲ್ಪಟ್ಟಿದ್ದಾನೆ, ಆತನು ಸಮಾಧಿಯಿಂದ ಎದ್ದಂತೆ ಇವನೂ ಹೊಸ ಬಾಳಿನಲ್ಲಿ ನಡೆಯಬೇಕಾಗಿದೆ. ನೀರಿನ ಕೆಳಗೆ ಹೋಗುವುದು ಮರಣ. ನೀರಿನಿಂದ ಮೇಲೆ ಬರುವುದು ಪುನರುತ್ಥಾನ. ನಿಕೊದೇಮನೆಂಬ ಹಿರಿಯನು ಕತ್ತಲೆಯಲ್ಲಿ ಯೇಸುವಿನ ಬಳಿಗೆ ಬಂದಾಗ ದೊರೆತ ಉತ್ತರವೂ ಇದಕ್ಕೆ ಕೂಡಿಬರುತ್ತದೆ. ಮುದಿಯಾದವನು ಮತ್ತೆ ಹೇಗೆ ಹುಟ್ಟಿಯಾನು ಎಂದು ಅವನು ಬೆರಗಾದಾಗ, ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕೆಂದು ಯೇಸು ಹೇಳಿದನು. ಅಂದಮೇಲೆ ಇದು ಕೊಳೆ ತೊಳೆಯುವ ಸ್ನಾನವಷ್ಟೇ ಅಲ್ಲ, ಒಬ್ಬ ಮನುಷ್ಯನ ಸಾವು ಮತ್ತು ಹುಟ್ಟು. ಕೊಳೆಯನ್ನು ಎಷ್ಟು ಸಲವಾದರೂ ತೊಳೆಯಬಹುದು; ಸಾವೂ ಹುಟ್ಟೂ ಒಂದೊಂದೇ ಸಲ. ಒಮ್ಮೆ ಮಾತ್ರ ಏಕೆ ಎಂಬ ನಮ್ಮ ಸಂದೇಹಕ್ಕೆ ಅರ್ಧ ಉತ್ತರ ಇಲ್ಲಿ ದೊರೆಯಿತು.

ಪ್ರಾಚೀನ ಸಭೆಯ ಕ್ರಮವನ್ನು ನೋಡಿದರೆ ಈ ಅರ್ಥ ಕಣ್ಣಿಗೆ ಕಟ್ಟುತ್ತದೆ. ಅಂದು ದೀಕ್ಷೆ ಅಗ್ಗವಾಗಿ ದೊರೆಯುತ್ತಿರಲಿಲ್ಲ. ಪ್ರಾಚೀನ ವಿಧಿಗ್ರಂಥವೊಂದು ಮೂರು ವರ್ಷಗಳ ಕಾಲ ಉಪದೇಶ ಕೇಳಬೇಕೆಂದು ವಿಧಿಸುತ್ತದೆ. ಕತ್ತಿಮಲ್ಲನಾಗಿ ಕೊಂದು ಜೀವಿಸುವವನೂ ವೇಶ್ಯಾಗೃಹವನ್ನು ನಡೆಸುವವನೂ ತಮ್ಮ ಕಸುಬನ್ನು ಬಿಟ್ಟೇ ಬರಬೇಕಾಗಿತ್ತು. ಅವಧಿ ಮುಗಿದ ಮೇಲೆ ಅಭ್ಯರ್ಥಿಯ ಪರಿಚಿತರನ್ನು ಕರೆದು ಕೇಳುತ್ತಿದ್ದರು: ಇವನು ವಿಧವೆಯರನ್ನು ಗೌರವಿಸಿದನೆ? ರೋಗಿಗಳ ಬಳಿಗೆ ಹೋದನೆ? ಬಾಯಿಪಾಠದ ಪರೀಕ್ಷೆಗಿಂತ ಈ ಪರೀಕ್ಷೆ ಹಿರಿದೆಂದು ಅವರು ಬಗೆದಿದ್ದರು.

ಪುನರುತ್ಥಾನದ ಹಬ್ಬದ ಹಿಂದಿನ ರಾತ್ರಿ ಜಾಗರಣೆ. ಅಭ್ಯರ್ಥಿಯು ಸೂರ್ಯ ಮುಳುಗುವ ಪಡುವಣ ದಿಕ್ಕಿಗೆ ಮುಖಮಾಡಿ ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುವೆನೆಂದು ನುಡಿಯುತ್ತಿದ್ದನು. ಬಳಿಕ ಮೂಡಣಕ್ಕೆ ತಿರುಗಿ ತನ್ನ ವಿಶ್ವಾಸವನ್ನು ಒಪ್ಪುತ್ತಿದ್ದನು. ಹಳೆಯ ಬಟ್ಟೆಯನ್ನು ಕಳಚಿಟ್ಟು, ತೈಲಲೇಪನ ಪಡೆದು, ಮೂರು ಸಲ ನೀರಿನಲ್ಲಿ ಮುಳುಗಿ ಮೇಲೆದ್ದಾಗ ಬಿಳಿಯ ವಸ್ತ್ರವನ್ನು ಹೊದಿಸುತ್ತಿದ್ದರು. ನಾಲ್ಕನೆಯ ಶತಮಾನದಲ್ಲಿ ಜೆರೂಸಲೇಮಿನ ಧರ್ಮಾಧ್ಯಕ್ಷ ಸಿರಿಲ್ ಹೊಸ ದೀಕ್ಷಿತರಿಗೆ ಉಪದೇಶಗಳನ್ನು ಕೊಟ್ಟನು. ಆತನ ಹೆಸರಿನಲ್ಲಿ ಉಳಿದು ಬಂದ ಉಪದೇಶಗಳಲ್ಲಿ, ಅದೇ ನೀರು ನಿಮಗೆ ಗೋರಿಯೂ ಆಯಿತು, ತಾಯಿಯೂ ಆಯಿತು ಎಂಬ ಭಾವ ಬರುತ್ತದೆ. ರೋಮಿನ ಲ್ಯಾಟರನ್ ದೀಕ್ಷಾಗೃಹವನ್ನು ಎಂಟು ಮೂಲೆಗಳಲ್ಲಿ ಕಟ್ಟಿದ್ದಾರೆ. ಏಳು ದಿನಗಳ ವಾರ ಮುಗಿದ ಮೇಲೆ ಬರುವ ಎಂಟನೆಯ ದಿನ ಹೊಸ ಸೃಷ್ಟಿಯ ದಿನವೆಂಬುದು ಆ ಸಂಖ್ಯೆಯ ಸಂಕೇತ.

ನೀರು ಎಷ್ಟಿರಬೇಕು ಎಂಬುದರಲ್ಲಿ ಅವರು ಹಟ ಹಿಡಿಯಲಿಲ್ಲ. 'ಡಿಡಾಖೆ' ಎಂಬ ಅತಿ ಪ್ರಾಚೀನ ಬೋಧೆಯ ಹಸ್ತಪ್ರತಿ 1873ರಲ್ಲಿ ಬೆಳಕಿಗೆ ಬಂದಿತು. ಹರಿಯುವ ನೀರಾದರೆ ಒಳ್ಳೆಯದು, ಇಲ್ಲವಾದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಯಾವುದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಸರಿ ಎಂದು ಅದು ಹೇಳುತ್ತದೆ. ಇಂದು ಕೆಲವು ಸಭೆಗಳು ತಲೆಯ ಮೇಲೆ ನೀರು ಸುರಿಯುತ್ತವೆ, ಕೆಲವು ಪೂರ್ತಿಯಾಗಿ ಮುಳುಗಿಸುತ್ತವೆ.

ಈ ಅಂತರಾರ್ಥವನ್ನು ಕ್ರೈಸ್ತರೆಲ್ಲರೂ ಎಲ್ಲ ಕಾಲದಲ್ಲಿಯೂ ಉಳಿಸಿಕೊಂಡರೆ? ಇಲ್ಲ. ಉನ್ನತವಾದ ಅರ್ಥವುಳ್ಳ ಆಚರಣೆಗೆ ಇಳಿಯುವ ಹಾದಿಗಳೂ ಇರುತ್ತವೆ. ಅವುಗಳನ್ನು ಪರಿಶೀಲಿಸುವುದರಿಂದ ಅದರ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲನೆಯ ಇಳಿಹಾದಿ ಲೆಕ್ಕಾಚಾರದ್ದು. ಒಂದೇ ಸಲ ದೊರೆಯುವ ಸ್ನಾನ ಹಿಂದಿನ ಪಾಪಗಳನ್ನೆಲ್ಲ ತೊಳೆಯುವುದಾದರೆ, ಪಾಪಗಳೆಲ್ಲ ಮುಗಿದ ಮೇಲೆ ಪಡೆಯುವುದೇ ಲಾಭವಲ್ಲವೆ? ನಾಲ್ಕನೆಯ ಶತಮಾನದಲ್ಲಿ ಅನೇಕರು ಹೀಗೆಯೇ ಎಣಿಸಿದರು. ಕ್ರೈಸ್ತರಿಗೆ 313ರಲ್ಲಿ ಸ್ವಾತಂತ್ರ್ಯ ಕೊಟ್ಟ ಚಕ್ರವರ್ತಿ ಕಾನ್‌ಸ್ಟಂಟೈನನು ಸ್ವತಃ ದೀಕ್ಷೆ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಬಿಳಿಯ ವಸ್ತ್ರವನ್ನುಟ್ಟ ಮೇಲೆ ರಾಜಚಿಹ್ನೆಯಾದ ಕೆನ್ನೀಲಿಯ ನಿಲುವಂಗಿಯನ್ನು ಅವನು ಮತ್ತೆ ಮುಟ್ಟಲಿಲ್ಲವೆಂದು ಅವನ ಚರಿತ್ರಕಾರ ಬರೆದಿದ್ದಾನೆ. ಸಂತ ಅಗಸ್ಟೀನನು ಬಾಲ್ಯದಲ್ಲಿ ಕಾಯಿಲೆಬಿದ್ದಾಗ ದೀಕ್ಷೆಯ ಸಿದ್ಧತೆ ನಡೆದು, ಗುಣವಾದೊಡನೆ ಮುಂದೂಡಲ್ಪಟ್ಟಿತು. ದೀಕ್ಷೆಯ ಅನಂತರ ಮಾಡುವ ಪಾಪದ ಹೊರೆ ಹೆಚ್ಚೆಂಬ ಅಂಜಿಕೆಯೇ ಕಾರಣ. ಬೆಸಿಲ್, ನಜಿಯಾಂಜಸಿನ ಗ್ರೆಗೊರಿ ಮೊದಲಾದ ಆಚಾರ್ಯರು ಈ ಮುಂದೂಡಿಕೆಯನ್ನು ಖಂಡಿಸಿ ಉಪನ್ಯಾಸ ಮಾಡಬೇಕಾಯಿತು. ಈ ಲೆಕ್ಕ ತಪ್ಪಿದುದು ಎಲ್ಲಿ? ಸ್ನಾನವನ್ನು ಬಾಳಿನ ಕೊನೆಯ ಲೆಕ್ಕ ತೀರುವಳಿಯೆಂದು ತಿಳಿದುದರಲ್ಲಿ. ಹೊಸದಾಗಿ ಹುಟ್ಟಬೇಕೆಂಬ ಬಯಕೆಯುಳ್ಳವನು ಆ ಹುಟ್ಟನ್ನು ಸಾಯುವ ದಿನಕ್ಕೆ ಕಾದಿರಿಸುವನೆ?

ಎರಡನೆಯ ತೊಡಕು ಕೊಡುವವನ ಯೋಗ್ಯತೆಯನ್ನು ಕುರಿತದ್ದು. ಗುರು-ಶಿಷ್ಯ ಪರಂಪರೆಯನ್ನು ಬಲ್ಲ ವಾಚಕರಿಗೆ ಇದು ವಿಶೇಷವಾಗಿ ಚಿಂತನೀಯ. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸತೊಡಗಿದಾಗ ಉತ್ತರ ಆಫ್ರಿಕದ ಕೆಲವು ಪುರೋಹಿತರು ಅಂಜಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿಬಿಟ್ಟರು. ಹಿಂಸೆ ನಿಂತ ಮೇಲೆ ಡೊನೇಟಸನ ಅನುಯಾಯಿಗಳು, ಹೀಗೆ ಪತಿತರಾದವರ ಸಂಬಂಧ ಹೊಂದಿದ ಸಭೆಯ ದೀಕ್ಷೆ ದೀಕ್ಷೆಯೇ ಅಲ್ಲವೆಂದು ಸಾರಿ, ಅಲ್ಲಿಂದ ಬಂದವರಿಗೆ ಮತ್ತೆ ಸ್ನಾನ ಮಾಡಿಸಿದರು. ಮುಂದೆ ಹಿಪ್ಪೋ ನಗರದ ಧರ್ಮಾಧ್ಯಕ್ಷನಾದ ಅಗಸ್ಟೀನನು ಇದನ್ನು ಒಪ್ಪಲಿಲ್ಲ. ಯಾವ ಪುರೋಹಿತನು ನೀರು ಹಾಕಿದರೂ ದೀಕ್ಷೆಯನ್ನು ಕೊಡುವವನು ಕ್ರಿಸ್ತನೇ ಎಂಬುದು ಆತನ ವಾದ. ತವರಿನಿಂದ ಬಂದ ಬುತ್ತಿಯನ್ನು ಹೊತ್ತು ತಂದ ಆಳು ಒಳ್ಳೆಯವನಲ್ಲವೆಂದು ಮಗಳು ತಾಯಿಯ ಬುತ್ತಿಯನ್ನು ಚೆಲ್ಲುವಳೆ? ಆದರೆ ಇದರ ಅರ್ಥ ಆಳಿನ ದುರ್ನಡತೆಗೆ ಕ್ಷಮೆಯಿದೆ ಎಂದಲ್ಲ. ಪಡೆದವನ ಪಾಲು ಕೆಡಲಿಲ್ಲ. ಕೊಟ್ಟವನ ಹೊಣೆ ಕಡಿಮೆಯಾಗಲಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೇ ಹಿಡಿಯಬೇಕು. ಮೊದಲನೆಯದನ್ನು ಬಿಟ್ಟರೆ ಮುಗ್ಧ ಭಕ್ತನು ಅನ್ಯರ ಪಾಪಕ್ಕಾಗಿ ಅನಾಥನಾಗುತ್ತಾನೆ. ಎರಡನೆಯದನ್ನು ಬಿಟ್ಟರೆ ಪೀಠವು ಪತಿತರಿಗೆ ಮರೆಯಾಗುತ್ತದೆ.

ಮೂರನೆಯದು ಅರಿವನ್ನು ಕುರಿತ ಪ್ರಶ್ನೆ. ಕೂಸಿಗೆ ದೀಕ್ಷೆ ಕೊಡಬಹುದೆ? ವಿಶ್ವಾಸವೆಂದರೇನೆಂದು ಅರಿಯದ ಹಸುಳೆಯ ಪರವಾಗಿ ತಂದೆತಾಯಿಗಳೂ ಧರ್ಮಪಿತೃಗಳೂ ಮಾತು ಕೊಡುತ್ತಾರೆ. ಕೆಥೊಲಿಕ್, ಆರ್ಥೊಡಾಕ್ಸ್ ಸಭೆಗಳೂ ಪ್ರಾಟೆಸ್ಟಂಟರಲ್ಲಿ ಅನೇಕರೂ ಇದನ್ನು ಒಪ್ಪುತ್ತಾರೆ. ಜ್ಯೂರಿಚ್ ನಗರದಲ್ಲಿ 1525ರ ಜನವರಿಯಲ್ಲಿ ಕೆಲವರು ಇದನ್ನು ಧಿಕ್ಕರಿಸಿ, ಅರಿತು ನಂಬಿದವನಿಗೆ ಮಾತ್ರ ದೀಕ್ಷೆಯೆಂದು ಸಾರಿ, ಒಬ್ಬರಿಗೊಬ್ಬರು ಸ್ನಾನದೀಕ್ಷೆ ಕೊಟ್ಟುಕೊಂಡರು. ಅವರಲ್ಲೊಬ್ಬನಾದ ಫೀಲಿಕ್ಸ್ ಮಾಂಟ್ಸ್ ಎಂಬ ವಿದ್ವಾಂಸನಿಗೆ ನಗರದ ಆಡಳಿತ ಮಂಡಲಿ ಮರಣದಂಡನೆ ವಿಧಿಸಿತು. 1527ರ ಜನವರಿ 5ರಂದು ಅವನನ್ನು ಕಟ್ಟಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಪ್ರೀತಿಯ ಗುರುತಾದ ನೀರನ್ನೇ ಕೊಲೆಯ ಸಾಧನ ಮಾಡಿಕೊಂಡ ಆ ಕೃತ್ಯಕ್ಕೆ 2004ರಲ್ಲಿ ಅದೇ ಹೊಳೆಯ ದಂಡೆಯಲ್ಲಿ ಸ್ಮಾರಕ ಫಲಕವನ್ನಿಟ್ಟರು.

ವಾಚಕರೇ, ಈ ವಿವಾದದಲ್ಲಿ ಎರಡು ಪಕ್ಷಗಳೂ ಒಂದೊಂದು ಸತ್ಯವನ್ನು ಕಾಯುತ್ತಿವೆ. ಕೂಸಿಗೆ ದೀಕ್ಷೆ ಕೊಡುವವರು, ದೇವರ ಕೃಪೆ ನಮ್ಮ ಯೋಗ್ಯತೆಗಿಂತ ಮುಂಚೆಯೇ ಬಂದಿದೆ ಎನ್ನುತ್ತಾರೆ. ತಾಯಿಯ ಹೆಸರು ತಿಳಿಯುವ ಮೊದಲೇ ಕೂಸು ತಾಯಿಯ ಹಾಲನ್ನು ಕುಡಿಯುತ್ತದೆ. ಅರಿತವನಿಗೆ ಮಾತ್ರ ಎನ್ನುವವರು, ಒಬ್ಬನ ಬದಲು ಇನ್ನೊಬ್ಬನು ನಂಬಲಾರನು ಎನ್ನುತ್ತಾರೆ. ಹಾಲು ಕುಡಿದು ಬೆಳೆದ ಮಗನು ತಾಯಿಯನ್ನು ತಾನೇ ಗುರುತಿಸಬೇಕಾದ ದಿನ ಬಂದೇ ಬರುತ್ತದೆ. ಮೊದಲನೆಯವರಲ್ಲಿಯೂ ಈ ಎರಡನೆಯ ಸತ್ಯಕ್ಕೆ ಸ್ಥಾನವಿದೆ. ಬಾಲ್ಯದಲ್ಲಿ ಪಡೆದುದನ್ನು ಅರಿವು ಬಂದ ಮೇಲೆ ಸ್ವಂತ ಬಾಯಿಂದ ಒಪ್ಪುವ ಕ್ರಮವನ್ನು ಪಾಶ್ಚಾತ್ಯ ಸಭೆಗಳಲ್ಲಿ ಅನೇಕವು ಇರಿಸಿಕೊಂಡಿವೆ.

ಅರಿವಿಲ್ಲದೆ ಪಡೆದುದು ಅರಿವಿನಲ್ಲಿ ಹೇಗೆ ಬೇರೂರೀತು ಎಂಬುದಕ್ಕೆ ಅಗಸ್ಟೀನನ ಆತ್ಮಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಅವನಿಗೆ ಯೌವನದಲ್ಲಿ ಪ್ರಾಣಪ್ರಿಯನಾದ ಗೆಳೆಯನೊಬ್ಬನಿದ್ದನು. ಇಬ್ಬರೂ ಆಗ ಕ್ರೈಸ್ತ ವಿಶ್ವಾಸದಿಂದ ದೂರ ಸರಿದವರು. ಗೆಳೆಯನು ಜ್ವರದಿಂದ ಎಚ್ಚರತಪ್ಪಿ ಮಲಗಿದ್ದಾಗ ಮನೆಯವರು ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಎಚ್ಚರಗೊಂಡ ಗೆಳೆಯನೂ ತನ್ನೊಡನೆ ನಗುವನೆಂದು ಅಗಸ್ಟೀನನು ಅದನ್ನು ಪರಿಹಾಸ್ಯ ಮಾಡಿದನು. ಗೆಳೆಯನು ಶತ್ರುವನ್ನು ಕಂಡಂತೆ ಬೆಚ್ಚಿ, ಸ್ನೇಹ ಉಳಿಯಬೇಕಾದರೆ ಇಂಥ ಮಾತನ್ನಾಡಬೇಡವೆಂದು ನಿಷ್ಠುರವಾಗಿ ಹೇಳಿದನು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಅವನು ತೀರಿಕೊಂಡನು. ಯಾವುದನ್ನು ಅವನು ಕೇಳಿ ಪಡೆಯಲಿಲ್ಲವೋ ಅದನ್ನು ಎಚ್ಚರದಲ್ಲಿ ತನ್ನದಾಗಿ ಮಾಡಿಕೊಂಡನು. ಅಂದು ನಕ್ಕ ಅಗಸ್ಟೀನನೇ 387ರ ಪುನರುತ್ಥಾನದ ಹಬ್ಬದ ರಾತ್ರಿ ಮಿಲಾನ್ ನಗರದಲ್ಲಿ, ತನ್ನ ಮಗನೊಡನೆ, ಧರ್ಮಾಧ್ಯಕ್ಷ ಆಂಬ್ರೋಸನಿಂದ ಅದೇ ಸ್ನಾನವನ್ನು ಪಡೆದನು.

ಎಚ್ಚರದಲ್ಲಿ ತನ್ನದಾಗಿ ಮಾಡಿಕೊಳ್ಳುವ ಈ ಸ್ವಾತಂತ್ರ್ಯವನ್ನೇ ಕಸಿದುಕೊಂಡರೆ ಏನಾಗುತ್ತದೆ? ಅದು ಅತ್ಯಂತ ದಾರುಣವಾದ ನಾಲ್ಕನೆಯ ಇಳಿಹಾದಿ, ಬಲಾತ್ಕಾರದ್ದು. ಎಂಟನೆಯ ಶತಮಾನದ ಕೊನೆಗೆ ರಾಜ ಷಾರ್ಲ್‌ಮೇನನು ಸ್ಯಾಕ್ಸನರನ್ನು ಗೆದ್ದು, ದೀಕ್ಷೆಯನ್ನು ನಿರಾಕರಿಸಿದವರಿಗೆ ಮರಣದಂಡನೆ ಎಂಬ ಶಾಸನ ಮಾಡಿದನು. ಆ ರಾಜನ ಆಸ್ಥಾನದ ವಿದ್ವಾಂಸ ಆಲ್ಕ್ವಿನನೇ ಇದನ್ನು ವಿರೋಧಿಸಿ ಪತ್ರ ಬರೆದನು. ವಿಶ್ವಾಸ ಇಚ್ಛೆಯಿಂದ ಬರತಕ್ಕದ್ದು, ಮನುಷ್ಯನನ್ನು ನೀರಿಗೆ ತಳ್ಳಬಹುದು, ವಿಶ್ವಾಸಕ್ಕೆ ತಳ್ಳಲಾಗದು ಎಂಬುದು ಆತನ ನಿಲುವು. ಸ್ಪೇನಿನಲ್ಲಿ 1391ರ ದೊಂಬಿಗಳಲ್ಲಿ ಪ್ರಾಣಭಯದಿಂದ ಬಹಳ ಯೆಹೂದ್ಯರು ದೀಕ್ಷೆ ಪಡೆದರು. ಪೋರ್ಚುಗಲ್ಲಿನಲ್ಲಿ 1497ರಲ್ಲಿ ರಾಜಾಜ್ಞೆಯಿಂದಲೇ ಪಡೆಯಬೇಕಾಯಿತು. ಒಮ್ಮೆ ಆದ ದೀಕ್ಷೆ ಅಳಿಸಲಾಗದು ಎಂಬ ಸಿದ್ಧಾಂತ ಅವರ ಪಾಲಿಗೆ ಸಂಕೋಲೆಯಾಯಿತು. ಹಿಂದಿನ ಧರ್ಮವನ್ನು ಗುಟ್ಟಾಗಿ ಪಾಲಿಸಿದರೆಂದು ಅವರನ್ನೂ ಅವರ ಸಂತತಿಯನ್ನೂ ಧರ್ಮನ್ಯಾಯಾಲಯಗಳು ಬೇಟೆಯಾಡಿದವು. ದೇವರು ನಿನ್ನನ್ನು ಎಂದಿಗೂ ಕೈಬಿಡನು ಎಂಬ ಸಾಂತ್ವನದ ಮಾತು, ಬಲಾತ್ಕಾರದ ಕೈಗೆ ಸಿಕ್ಕಾಗ, ನೀನು ಎಂದಿಗೂ ತಪ್ಪಿಸಿಕೊಳ್ಳಲಾರೆ ಎಂಬ ಬೆದರಿಕೆಯಾಯಿತು. ಕೆಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಧರ್ಮವಿಷಯದಲ್ಲಿ ಒತ್ತಾಯಿಸಲಾಗದೆಂದು ಘೋಷಿಸಿತು.

ಐದನೆಯದು, ನೀರಿಗಿಳಿದವರು ಮೇಲೆ ಬಂದ ಬಳಿಕ ಎದುರಾಗುವ ಪರೀಕ್ಷೆ. ಕ್ರಿಸ್ತನಲ್ಲಿ ಸ್ನಾನ ಪಡೆದವರೊಳಗೆ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದ ಉಳಿಯದೆಂದು ಪೌಲನು ಗಲಾತ್ಯದವರಿಗೆ ಬರೆದನು. ಈ ಮಾತು ನಿಜವಾಗಿದ್ದರೆ ದೀಕ್ಷೆ ಪಡೆದ ಗುಲಾಮನನ್ನು ಗುಲಾಮನಾಗಿ ಇಟ್ಟುಕೊಳ್ಳುವುದು ಹೇಗೆ? ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ ಎಲಿಜಬೆತ್ ಕೀ ಎಂಬ ಹೆಂಗಸು, ತಾನು ದೀಕ್ಷೆ ಪಡೆದ ಕ್ರೈಸ್ತಳೆಂಬುದನ್ನೂ ಒಂದು ಆಧಾರವಾಗಿ ಹಿಡಿದು, 1656ರಲ್ಲಿ ಬಿಡುಗಡೆ ಪಡೆದಳು. ಒಡೆಯರು ಅಂಜಿದರು. 1667ರಲ್ಲಿ ಅಲ್ಲಿಯ ಶಾಸನಸಭೆಯು, ದೀಕ್ಷೆಯಿಂದ ದಾಸ್ಯದ ಸ್ಥಿತಿ ಬದಲಾಗುವುದಿಲ್ಲವೆಂದು ಕಾನೂನು ಮಾಡಿತು. ಆತ್ಮಕ್ಕೆ ಬಿಡುಗಡೆ, ಮೈಗೆ ಸಂಕೋಲೆ ಎಂದು ನೀರನ್ನು ಎರಡಾಗಿ ಸೀಳಿದ ಶಾಸನವಿದು. ನಮ್ಮ ದೇಶವೂ ಈ ಪರೀಕ್ಷೆಯಲ್ಲಿ ಗೆದ್ದಿತೆನ್ನಲಾಗದು. ಒಂದೇ ನೀರಿನ ದೀಕ್ಷೆ ಪಡೆದವರಿಗೆ ಜಾತಿಯ ಪ್ರಕಾರ ಚರ್ಚಿನಲ್ಲಿ ಬೇರೆ ಸಾಲು, ಬೇರೆ ಸ್ಮಶಾನಗಳನ್ನು ಗೊತ್ತುಮಾಡಿದುದುಂಟು. ಭಾರತದ ಕೆಥೊಲಿಕ್ ಧರ್ಮಾಧ್ಯಕ್ಷರ ಮಂಡಲಿಯೇ 2016ರ ತನ್ನ ನೀತಿಪತ್ರದಲ್ಲಿ ದಲಿತ ಕ್ರೈಸ್ತರು ಸಭೆಯೊಳಗೇ ಅನುಭವಿಸುವ ಭೇದವನ್ನು ಒಪ್ಪಿಕೊಂಡಿದೆ. ದೀಕ್ಷೆಯಾದವನ ಹಿಂದಿನ ಕುಲವನ್ನು ಕೇಳಲಾಗದು ಎಂಬ ಬೋಧೆಯನ್ನು ಕೇಳಿ ಬೆಳೆದ ನಮಗೆ ಈ ನೋವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರರ ಮನೆಯ ಈ ಬಿರುಕನ್ನು ಕಂಡಾಗ ನಮ್ಮ ಮನೆಯ ಗೋಡೆಯನ್ನೂ ಒಮ್ಮೆ ತಟ್ಟಿ ನೋಡುವುದು ಒಳ್ಳೆಯದು.

ಹಾಗಾದರೆ ನೀರು ದೊರೆಯದೆ ಸತ್ತವನ ಗತಿಯೇನು? 392ರಲ್ಲಿ ಯುವಕ ಚಕ್ರವರ್ತಿ ಎರಡನೆಯ ವ್ಯಾಲೆಂಟೀನಿಯನನು ದೀಕ್ಷೆ ಕೊಡಲು ಬರಬೇಕೆಂದು ಆಂಬ್ರೋಸನಿಗೆ ಹೇಳಿಕಳುಹಿಸಿದ್ದನು. ಆಂಬ್ರೋಸನು ತಲಪುವ ಮೊದಲೇ ಮರಣ ಹೊಂದಿದನು. ತಮ್ಮ ಸಹೋದರನು ದೀಕ್ಷೆಯಿಲ್ಲದೆ ಹೋದನೆಂದು ಸೋದರಿಯರು ಅತ್ತರು. ಶೋಕಸಭೆಯಲ್ಲಿ ಆಂಬ್ರೋಸನು ಅವರನ್ನು ಸಂತೈಸುತ್ತ, ಅವನು ಬಯಸಿದನಷ್ಟೆ, ಬೇಡಿದನಷ್ಟೆ, ಆದಕಾರಣ ಪಡೆದಿದ್ದಾನೆ ಎಂಬರ್ಥದ ಮಾತುಗಳನ್ನಾಡಿದನು. ಸ್ನಾನ ಪಡೆಯುವ ಮೊದಲೇ ವಿಶ್ವಾಸಕ್ಕಾಗಿ ಪ್ರಾಣ ತೆತ್ತವರನ್ನು ರಕ್ತದಲ್ಲಿಯೇ ಸ್ನಾನವಾದವರೆಂದು ಸಭೆ ಮೊದಲಿನಿಂದಲೂ ಗೌರವಿಸಿದೆ. ಕ್ವೇಕರರಂಥ ಪಂಗಡಗಳು ಒಳಗಿನ ಸ್ನಾನವೇ ಸಾಕೆಂದು ನೀರನ್ನೇ ಬಿಟ್ಟಿವೆ. ಕುರುಹಿಗೆ ಕಟ್ಟುಬಿದ್ದವನು ಮನುಷ್ಯ. ದೇವರ ಕೃಪೆಗೆ ಅಂಥ ಕಟ್ಟಿಲ್ಲ ಎಂಬುದನ್ನು ನೀರನ್ನು ಅತಿಯಾಗಿ ಮನ್ನಿಸಿದವರೂ ಒಪ್ಪಿದರು.

ಈಗ ನಮ್ಮ ಸಂದೇಹದ ಉಳಿದರ್ಧಕ್ಕೆ ಬರೋಣ. ಒಂದೇ ಸಲದ ಸ್ನಾನ ದಿನದಿನದ ಬಾಳನ್ನು ಹಿಡಿಯುವುದು ಹೇಗೆ? ಮಾರ್ಟಿನ್ ಲೂಥರನು 1529ರ ತನ್ನ ಕಿರು ಪ್ರಶ್ನೋತ್ತರ ಮಾಲೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ನಮ್ಮೊಳಗಿನ ಹಳೆಯ ಮನುಷ್ಯನನ್ನು ಪ್ರತಿದಿನವೂ ಪಶ್ಚಾತ್ತಾಪದಿಂದ ಮುಳುಗಿಸಬೇಕು, ಹೊಸ ಮನುಷ್ಯನು ಪ್ರತಿದಿನವೂ ಏಳಬೇಕು ಎಂಬುದು ಆತನ ವಿವರಣೆಯ ತಿರುಳು. ನೀರು ಒಂದು ದಿನದ್ದು, ಮುಳುಗು ದಿನದಿನದ್ದು. ಮದುವೆಯ ಧಾರೆ ಒಂದೇ ಗಳಿಗೆಯಲ್ಲಿ ಆಗಿಹೋಗುತ್ತದೆ; ಆದರೆ ಆ ಧಾರೆಯ ನೀರು ಐವತ್ತು ವರ್ಷಗಳ ಸಂಸಾರದಲ್ಲಿ ಪ್ರತಿದಿನವೂ ಹರಿಯಬೇಕಾಗುತ್ತದೆ. ಜಗಳವಾಡಿದ ಮರುದಿನ ದಂಪತಿಗಳು ಮತ್ತೆ ಮದುವೆಯಾಗುವುದಿಲ್ಲ, ಆದ ಮದುವೆಗೆ ಮರಳುತ್ತಾರೆ. ಅದರಂತೆಯೇ ಜಾರಿದ ಕ್ರೈಸ್ತನಿಗೆ ಹೊಸ ಸ್ನಾನವಿಲ್ಲ, ಪಡೆದ ಸ್ನಾನಕ್ಕೆ ಮರಳುವ ಹಾದಿಯಿದೆ. ಅದು ಒಂದೇ ಸಲದ್ದಾದುದರಿಂದಲೇ ಮರಳುವವನಿಗೆ ಮರಳಲು ಒಂದು ನೆಲೆಯಿದೆ.

ವಾಚಕರೇ, ನೆರೆಯವನ ಮನೆಯ ದೀಪವನ್ನು ನೋಡಿ ಬಂದವನಿಗೆ ತನ್ನ ಮನೆಯ ದೀಪದ ನೆನಪಾಗುವುದು ಸಹಜ. ನಿಮ್ಮೂರಿನ ಇಗರ್ಜಿಯಲ್ಲಿ ತಂದೆತಾಯಿಗಳು ಕೂಸನ್ನೆತ್ತಿಕೊಂಡು ನಿಂತುದನ್ನೋ, ಹೊಳೆಯ ಮಡುವಿನಲ್ಲಿ ಬಿಳಿಯುಡುಗೆಯವನೊಬ್ಬನು ಮುಳುಗಿ ಏಳುವುದನ್ನೋ ಮುಂದೆ ಕಂಡಾಗ, ಅದು ಬರಿಯ ತಲೆ ತೊಯ್ಯಿಸುವ ಕ್ರಿಯೆಯಲ್ಲ, ಹಳೆಯ ಬಾಳನ್ನು ಹೂಳಿ ಹೊಸ ಬಾಳಿಗೆ ಏಳುವ ಸಂಕಲ್ಪ ಎಂಬುದನ್ನು ನೆನೆದು ಗೌರವದಿಂದ ನಿಲ್ಲಿರಿ. ಬಳಿಕ ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿರಿ: ನಾವು ಪಡೆದುದನ್ನು ಇಂದು ಬೆಳಗ್ಗೆ ನೆನೆದೆವೆ? ಆ ಪ್ರಾಚೀನರು ಅಭ್ಯರ್ಥಿಯನ್ನು ಕೇಳಿದಂತೆ ನಮ್ಮ ನೆರೆಯವರನ್ನು ಯಾರಾದರೂ ಕೇಳಿದರೆ, ಇವನು ರೋಗಿಯ ಬಳಿಗೆ ಹೋದನು, ದಿಕ್ಕಿಲ್ಲದವಳನ್ನು ಗೌರವಿಸಿದನು ಎಂದು ಅವರು ಹೇಳಿಯಾರೆ?